ಮದುವೆ ಮುರಿದರೂ ಮುಗಿಯದ ಹೊಣೆ: ಅನ್ಯಧರ್ಮೀಯ ಮಾಜಿ ಸಂಗಾತಿ ಮತ್ತು ಕ್ರೈಸ್ತ ಮಾರ್ಗದರ್ಶನ

ಹುಣಸೂರು: ಬೆಂಗಳೂರಿನಂಥ ಮಹಾನಗರದಲ್ಲಿ ಬೇರೆಯಾದ ದಂಪತಿ ಬಡಾವಣೆ ಬದಲಿಸಿದರೆ ಮತ್ತೆ ಮುಖಾಮುಖಿಯಾಗದೆ ವರ್ಷಗಳನ್ನು ಕಳೆಯಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆಯಲ್ಲಿ ಅದು ಸಾಧ್ಯವಿಲ್ಲ. ವಾರದ ಸಂತೆ, ಬಸ್ ನಿಲ್ದಾಣ, ತಂಬಾಕು ಹರಾಜು ಮಾರುಕಟ್ಟೆ, ಮಕ್ಕಳ ಶಾಲೆಯ ಗೇಟು, ಹೀಗೆ ಎಲ್ಲಾದರೊಂದು ಕಡೆ ಅವರು ಎದುರಾಗಿಯೇ ತೀರುತ್ತಾರೆ. ಬೇರೆಯಾದವರಲ್ಲಿ ಒಬ್ಬರು ಕ್ರೈಸ್ತರಾಗಿದ್ದು ಇನ್ನೊಬ್ಬರು ಹಿಂದೂ ಅಥವಾ ಮುಸ್ಲಿಮರಾಗಿದ್ದರೆ, ಆ ಭೇಟಿಯ ಮೇಲೆ ಎರಡು ಕುಟುಂಬಗಳಷ್ಟೇ ಅಲ್ಲ, ಎರಡು ಸಮುದಾಯಗಳ ಕಣ್ಣೂ ನೆಟ್ಟಿರುತ್ತದೆ.

2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು ಶೇ 1.87 ಮಾತ್ರ. ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಈ ತಾಲ್ಲೂಕುಗಳಲ್ಲಿ ಕ್ರೈಸ್ತ ಕುಟುಂಬಗಳು ಅನ್ಯಧರ್ಮೀಯರ ನಡುವೆಯೇ ಬದುಕುತ್ತವೆ. ಕೆ.ಆರ್.ನಗರ ತಾಲ್ಲೂಕಿನ ಡೋರ್ನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರಕ್ಕೆ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳ ಸಂಖ್ಯೆಯೂ ದೊಡ್ಡದು. 2019ರಲ್ಲಿ ಬಸಿಲಿಕ ಎಂಬ ಮನ್ನಣೆ ಪಡೆದ ಈ ಕ್ಷೇತ್ರದಲ್ಲಿ ಜೂನ್ 13ರ ಹಬ್ಬಕ್ಕೆ ಎಲ್ಲ ಜಾತಿ, ಮತದವರೂ ಸೇರುತ್ತಾರೆ. ಹೀಗೆ ಒಂದೇ ಕೆರೆಯ ನೀರು ಕುಡಿದು, ಒಂದೇ ಕಾಲೇಜಿನಲ್ಲಿ ಓದಿ, ಮೈಸೂರಿನ ಒಂದೇ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ಯುವಜನರ ನಡುವೆ ಪ್ರೀತಿ ಮೂಡುವುದು, ಮದುವೆಯಾಗುವುದು ಮತ್ತು ಕೆಲವು ಮದುವೆಗಳು ಮುರಿಯುವುದು ಸಹಜ.

ಮುರಿದ ನಂತರ ಏನು? ಮಾಜಿ ಪತಿ ಅಥವಾ ಪತ್ನಿಯೊಂದಿಗೆ ಮಾತನಾಡಬಹುದೇ? ಮಕ್ಕಳು ಯಾವ ಹಬ್ಬ ಆಚರಿಸಬೇಕು? ಒಡವೆ ಹಿಂತಿರುಗಿಸಬೇಕೇ? ಅವರ ಮನೆಯ ಸಾವಿಗೆ ಹೋಗಬಹುದೇ? ಈ ಪ್ರಶ್ನೆಗಳಿಗೆ ಕ್ರೈಸ್ತ ಧರ್ಮಗ್ರಂಥ, ಚರ್ಚಿನ ನಿಯಮ ಹಾಗೂ ದೇಶದ ಕಾನೂನು ನೀಡುವ ಉತ್ತರಗಳನ್ನು ಇಲ್ಲಿ ಕ್ರೋಡೀಕರಿಸಲಾಗಿದೆ.

ಬೈಬಲ್ ಹೇಳುವುದೇನು?

ಈ ವಿಷಯದಲ್ಲಿ ಪದೇ ಪದೇ ಉಲ್ಲೇಖವಾಗುವುದು ಸಂತ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಆರನೆಯ ಅಧ್ಯಾಯ. ನಂಬಿಕೆಯಿಲ್ಲದವರೊಂದಿಗೆ ಜೋಡಿಯಾಗಿ ನೊಗಕ್ಕೆ ಹೂಡಿಕೊಳ್ಳಬೇಡಿ ಎಂಬ ಎಚ್ಚರಿಕೆ ಅಲ್ಲಿದೆ. ಅನ್ಯಧರ್ಮೀಯ ಮಾಜಿ ಸಂಗಾತಿಯೊಂದಿಗೆ ಎಲ್ಲ ವ್ಯವಹಾರವನ್ನೂ ಕಡಿದುಕೊಳ್ಳಬೇಕು ಎನ್ನುವವರು ಇದನ್ನೇ ಆಧಾರವಾಗಿ ತೋರಿಸುತ್ತಾರೆ. ಆದರೆ ಆ ಮಾತು ನೊಗಕ್ಕೆ ಹೂಡುವ ಮುನ್ನ ಹೇಳಿದ್ದೇ ಹೊರತು ನೊಗ ಬಿಚ್ಚಿದ ಮೇಲೆ ಹೇಗಿರಬೇಕು ಎಂಬುದರ ಬಗ್ಗೆ ಅಲ್ಲ. ಹಿಂದೆ ಜೊತೆಗಿದ್ದವರನ್ನು ತಿರಸ್ಕರಿಸಲು ಅದು ಪರವಾನಗಿಯೂ ಅಲ್ಲ.

ನೇರವಾಗಿ ಅನ್ವಯಿಸುವುದು ಅದೇ ಪೌಲನ ಮೊದಲನೆಯ ಪತ್ರಿಕೆಯ ಏಳನೆಯ ಅಧ್ಯಾಯ. ಕೊರಿಂಥದಲ್ಲಿ ದಂಪತಿಯ ಪೈಕಿ ಒಬ್ಬರು ಮಾತ್ರ ಕ್ರೈಸ್ತರಾಗುತ್ತಿದ್ದ ಪ್ರಸಂಗಗಳು ಅನೇಕ. ಇನ್ನೊಬ್ಬರು ಜೊತೆಯಲ್ಲಿ ಬಾಳಲು ಒಪ್ಪಿದರೆ ಬಿಡಬಾರದು. ಅವರೇ ಅಗಲಿ ಹೋಗುವುದಾದರೆ ಹೋಗಲು ಬಿಡಬೇಕು, ಅಂಥ ಸಂದರ್ಭದಲ್ಲಿ ವಿಶ್ವಾಸಿಯು ಬದ್ಧನಲ್ಲ ಎಂಬುದು ಪೌಲನ ಸಲಹೆಯ ಸಾರ. ದೇವರು ಕರೆದಿರುವುದು ಸಮಾಧಾನದಲ್ಲಿ ಬಾಳುವುದಕ್ಕೆ ಎಂದೂ ಅವನು ಸೇರಿಸುತ್ತಾನೆ. ಅಗಲಿಕೆಯ ಸಂದರ್ಭದಲ್ಲಿಯೇ ಸಮಾಧಾನದ ಮಾತು ಬಂದಿರುವುದು ಗಮನಾರ್ಹ.

ಹಳೆಯ ಒಡಂಬಡಿಕೆಯಲ್ಲಿ ಬೇರೆ ನಿಲುವೂ ಕಾಣುತ್ತದೆ. ಎಜ್ರನ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಅನ್ಯಜನಾಂಗದ ಹೆಂಡತಿಯರನ್ನು ಮಕ್ಕಳ ಸಮೇತ ಕಳುಹಿಸಿಬಿಡುವ ನಿರ್ಧಾರವಿದೆ. ಪೌಲನ ಸಲಹೆ ಆ ದಾರಿಯನ್ನು ಹಿಡಿಯುವುದಿಲ್ಲ. ಹಾಗಾಗಿ ಧರ್ಮ ಬೇರೆ ಎಂಬ ಒಂದೇ ಕಾರಣಕ್ಕೆ ಸಂಗಾತಿಯನ್ನು ತೊರೆಯುವುದನ್ನು ಪ್ರಮುಖ ಕ್ರೈಸ್ತ ಸಭೆಗಳು ಸಮರ್ಥಿಸುವುದಿಲ್ಲ. ಆದಿಕಾಂಡದ 21ನೆಯ ಅಧ್ಯಾಯದ ಹಾಗರಳ ಕಥೆಯನ್ನೂ ಇಲ್ಲಿ ನೆನೆಯಬೇಕು. ರೊಟ್ಟಿ ಮತ್ತು ನೀರಿನ ತಿತ್ತಿಯೊಂದಿಗೆ ಅಬ್ರಹಾಮನು ಮನೆಯಿಂದ ಕಳುಹಿಸಿದ ಆ ಈಜಿಪ್ಟಿನ ಹೆಣ್ಣನ್ನೂ ಅವಳ ಮಗ ಇಷ್ಮಾಯೇಲನನ್ನೂ ದೇವರು ಮರೆಯಲಿಲ್ಲ. ಅಡವಿಯಲ್ಲಿ ಹುಡುಗನ ಕೂಗನ್ನು ಕೇಳಿದನು.

ಇವುಗಳ ಜೊತೆಗೆ, ಸಾಧ್ಯವಾದ ಮಟ್ಟಿಗೆ ಎಲ್ಲರೊಂದಿಗೂ ಸಮಾಧಾನದಿಂದಿರಲು ಹೇಳುವ ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯವನ್ನು ಇಟ್ಟುಕೊಂಡರೆ ಮಾರ್ಗದರ್ಶನದ ತಿರುಳು ದೊರೆಯುತ್ತದೆ. ದಾಂಪತ್ಯ ಕೊನೆಗೊಂಡಿರಬಹುದು, ಆದರೆ ನ್ಯಾಯದಿಂದ ನಡೆದುಕೊಳ್ಳುವ ಹೊಣೆ ಕೊನೆಗೊಳ್ಳುವುದಿಲ್ಲ. ಆ ಹೊಣೆಗೆ ಇನ್ನೊಬ್ಬರ ಧರ್ಮ ಅಡ್ಡಿಯಲ್ಲ.

ಸಭೆಯಿಂದ ಸಭೆಗೆ ನಿಲುವು ಭಿನ್ನ

ಈ ಭಾಗದ ಕಥೋಲಿಕರು ಮೈಸೂರು ಧರ್ಮಪ್ರಾಂತ್ಯದ ವ್ಯಾಪ್ತಿಗೆ ಬರುತ್ತಾರೆ. ಮೈಸೂರು, ಮಂಡ್ಯ, ಚಾಮರಾಜನಗರ ಮತ್ತು ಕೊಡಗು ಜಿಲ್ಲೆಗಳು ಈ ಧರ್ಮಪ್ರಾಂತ್ಯದಲ್ಲಿವೆ. ವೆಸ್ಲಿಯನ್ ಮಿಷನ್‌ನ ಪರಂಪರೆಯಿಂದ ಬಂದ ಪ್ರೊಟೆಸ್ಟೆಂಟರು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಗೆ, ಅಂದರೆ ಸಿಎಸ್‌ಐಗೆ ಸೇರಿದವರು. ಇವಲ್ಲದೆ ಸ್ವತಂತ್ರ ಪ್ರಾರ್ಥನಾ ಸಭೆಗಳೂ ಇವೆ.

ಕಥೋಲಿಕ ಧರ್ಮಸಭೆಯ ನಿಯಮಗಳು 1983ರ ಕ್ಯಾನನ್ ಕಾನೂನು ಸಂಹಿತೆಯಲ್ಲಿವೆ. ದೀಕ್ಷಾಸ್ನಾನ ಪಡೆದ ಕಥೋಲಿಕರು ದೀಕ್ಷಾಸ್ನಾನವಾಗದವರನ್ನು ಮದುವೆಯಾಗಲು ಧರ್ಮಾಧ್ಯಕ್ಷರಿಂದ ವಿಶೇಷ ವಿನಾಯಿತಿ ಪಡೆಯಬೇಕು (ನಿಯಮ 1086). ಅಂಥ ಅನುಮತಿ ಪಡೆದು ಆದ ಮದುವೆ ಸಿಂಧುವಾದುದು. ಆದರೆ ಇಬ್ಬರೂ ದೀಕ್ಷಾಸ್ನಾನ ಪಡೆದಿರದ ಕಾರಣ ಅದನ್ನು ಸಂಸ್ಕಾರವೆಂದು ಪರಿಗಣಿಸುವುದಿಲ್ಲ. ಅನುಮತಿ ಪಡೆಯದೆ ನೋಂದಣಿ ಕಚೇರಿಯಲ್ಲಿಯೋ ದೇವಸ್ಥಾನದಲ್ಲಿಯೋ ಆದ ಮದುವೆ ಚರ್ಚಿನ ದೃಷ್ಟಿಯಲ್ಲಿ ಸಿಂಧುವಲ್ಲ.

ಮದುವೆ ಮುರಿದಾಗ ಕಥೋಲಿಕರ ಮುಂದೆ ಮೂರು ಬಗೆಯ ದಾರಿಗಳಿವೆ.

ಮೊದಲನೆಯದು, ಮದುವೆಯು ಆರಂಭದಿಂದಲೇ ಸಿಂಧುವಾಗಿರಲಿಲ್ಲ ಎಂದು ಧರ್ಮಪ್ರಾಂತ್ಯದ ನ್ಯಾಯಮಂಡಳಿ ಘೋಷಿಸುವುದು. ಪೋಪ್ ಫ್ರಾನ್ಸಿಸ್ 2015ರಲ್ಲಿ ತಂದ ಸುಧಾರಣೆಯಿಂದ ಈ ಪ್ರಕ್ರಿಯೆ ಸರಳವಾಗಿದೆ. ಮೊದಲ ತೀರ್ಪನ್ನು ಇನ್ನೊಂದು ನ್ಯಾಯಮಂಡಳಿ ದೃಢೀಕರಿಸಬೇಕೆಂಬ ಕಡ್ಡಾಯ ಆಗ ರದ್ದಾಯಿತು.

ಎರಡನೆಯದು 'ಪೌಲನ ಸವಲತ್ತು' ಎಂದು ಕರೆಯಲಾಗುವ ವ್ಯವಸ್ಥೆ (ನಿಯಮ 1143ರಿಂದ 1147). ಮದುವೆಯ ವೇಳೆ ಇಬ್ಬರೂ ದೀಕ್ಷಾಸ್ನಾನ ಪಡೆದಿರದೆ, ಅನಂತರ ಒಬ್ಬರು ಕ್ರೈಸ್ತರಾಗಿ, ಇನ್ನೊಬ್ಬರು ಸಮಾಧಾನದಿಂದ ಬಾಳಲು ಒಪ್ಪದೆ ಅಗಲಿದರೆ ಇದು ಅನ್ವಯಿಸುತ್ತದೆ. ಅಗಲಿದವರ ಇಂಗಿತವೇನೆಂದು ಕೇಳಿ ತಿಳಿಯುವುದು ಇಲ್ಲಿ ಸಾಮಾನ್ಯ ನಿಯಮ. ಇನ್ನೊಬ್ಬರ ಮಾತು ಕೇಳದೆ ತೀರ್ಮಾನಿಸುವಂತಿಲ್ಲ ಎಂಬ ನ್ಯಾಯದೃಷ್ಟಿ ಇದರ ಹಿಂದಿದೆ.

ಮೂರನೆಯದು, ಹುಟ್ಟು ಕ್ರೈಸ್ತರು ಅನುಮತಿ ಪಡೆದು ಅನ್ಯಧರ್ಮೀಯರನ್ನು ಮದುವೆಯಾದ ಸಂದರ್ಭಗಳಿಗೆ ಸಂಬಂಧಿಸಿದ್ದು. ಇಂಥ ಬಂಧನವನ್ನು ಬಿಡಿಸುವ ಅಧಿಕಾರ ಪೋಪ್ ಅವರಿಗೆ ಮಾತ್ರ ಇದೆ. ಕಡತವನ್ನು ಧರ್ಮಾಧ್ಯಕ್ಷರ ಮೂಲಕ ರೋಮ್‌ಗೆ ಕಳುಹಿಸಬೇಕಾಗುತ್ತದೆ.

ಪ್ರೊಟೆಸ್ಟೆಂಟರು ಮದುವೆಯನ್ನು ದೇವರ ಮುಂದೆ ಮಾಡಿದ ಒಡಂಬಡಿಕೆ ಎಂದು ಗೌರವಿಸಿದರೂ ಸಂಸ್ಕಾರವೆಂದು ಎಣಿಸುವುದಿಲ್ಲ. ಆದ್ದರಿಂದ ಅವರಲ್ಲಿ ಕಥೋಲಿಕರಂತೆ ಮದುವೆಯನ್ನು ಶೂನ್ಯಗೊಳಿಸುವ ಪ್ರಕ್ರಿಯೆಗಿಂತ ನ್ಯಾಯಾಲಯದ ವಿಚ್ಛೇದನಕ್ಕೇ ಪ್ರಾಧಾನ್ಯ. ಸ್ವತಂತ್ರ ಸಭೆಗಳಲ್ಲಿ ಮರುಮದುವೆಯ ಬಗ್ಗೆ ಪಾಸ್ಟರ್‌ಗಳ ನಿಲುವು ಒಂದೊಂದು ಕಡೆ ಒಂದೊಂದು ತೆರನಾಗಿರುತ್ತದೆ.

ವಿಚ್ಛೇದನ ಪಡೆದ ಮಾತ್ರಕ್ಕೆ ಪರಮಪ್ರಸಾದ ಸ್ವೀಕರಿಸುವಂತಿಲ್ಲ ಎಂಬ ತಪ್ಪು ತಿಳಿವಳಿಕೆ ಕಥೋಲಿಕರಲ್ಲಿ ಉಂಟು. ಬೇರೆಯಾಗಿ, ಮರುಮದುವೆಯಾಗದೆ ಇರುವವರಿಗೆ ಅಂಥ ನಿರ್ಬಂಧವಿಲ್ಲ. ಬದಲಿಗೆ ಅವರು ಪರಮಪ್ರಸಾದದಿಂದ ಬಲ ಪಡೆಯುವಂತೆ ಪ್ರೋತ್ಸಾಹಿಸಬೇಕೆಂದು ಪೋಪ್ ಫ್ರಾನ್ಸಿಸ್ 2016ರಲ್ಲಿ ಹೊರಡಿಸಿದ 'ಅಮೋರಿಸ್ ಲೆತೀತಿಯಾ' ಎಂಬ ಪ್ರಬೋಧನಾ ಪತ್ರ ತಿಳಿಸುತ್ತದೆ.

ಚರ್ಚಿನ ತೀರ್ಪು ಬೇರೆ, ಕೋರ್ಟಿನ ತೀರ್ಪು ಬೇರೆ

ಮಾಜಿ ಸಂಗಾತಿ ಎಂದು ಕರೆಯುವ ಮುನ್ನ ಅವರು ನಿಜಕ್ಕೂ 'ಮಾಜಿ' ಆಗಿದ್ದಾರೆಯೇ ಎಂಬುದನ್ನು ಕಾನೂನಿನ ಕಣ್ಣಿನಿಂದ ನೋಡಬೇಕು. ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ತೀರ್ಪೊಂದಕ್ಕೆ ಕಾರಣವಾದದ್ದು ಕರ್ನಾಟಕದ ವಕೀಲರೊಬ್ಬರ ಅರ್ಜಿ. ದಕ್ಷಿಣ ಕನ್ನಡ ಕಥೋಲಿಕ ಸಂಘದ ಮಾಜಿ ಅಧ್ಯಕ್ಷ ಕ್ಲಾರೆನ್ಸ್ ಪಾಯ್ಸ್ ಅವರು ಚರ್ಚಿನ ನ್ಯಾಯಮಂಡಳಿಗಳ ತೀರ್ಪಿಗೆ ಕಾನೂನಿನ ಮಾನ್ಯತೆ ನೀಡಬೇಕೆಂದು ಕೋರಿದ್ದರು. ಮುಖ್ಯ ನ್ಯಾಯಮೂರ್ತಿ ಜೆ.ಎಸ್.ಖೇಹರ್ ಮತ್ತು ನ್ಯಾಯಮೂರ್ತಿ ಡಿ.ವೈ.ಚಂದ್ರಚೂಡ್ ಅವರ ಪೀಠ 2017ರ ಜನವರಿಯಲ್ಲಿ ಅದನ್ನು ತಿರಸ್ಕರಿಸಿತು. ಚರ್ಚು ನೀಡುವ ತೀರ್ಪು ವಿಚ್ಛೇದನ ಕಾಯ್ದೆಯ ಸ್ಥಾನವನ್ನು ತುಂಬಲಾರದು ಎಂಬುದು ಇದರಿಂದ ಸ್ಪಷ್ಟವಾಯಿತು. ಕೇವಲ ಚರ್ಚಿನ ಪತ್ರ ಹಿಡಿದು ಮರುಮದುವೆಯಾದರೆ ದ್ವಿಪತ್ನಿತ್ವ ಅಥವಾ ದ್ವಿಪತಿತ್ವದ ಅಪರಾಧವಾಗುವ ಸಾಧ್ಯತೆ ಇದೆ. ಭಾರತೀಯ ನ್ಯಾಯ ಸಂಹಿತೆಯ 82ನೆಯ ಕಲಮು ಇದಕ್ಕೆ ಸಂಬಂಧಿಸಿದ್ದು.

ಮತಾಂತರದಿಂದಲೂ ಮದುವೆ ತಾನಾಗಿ ರದ್ದಾಗುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಡಿ ಪತಿ ಅಥವಾ ಪತ್ನಿ ಬೇರೆ ಧರ್ಮಕ್ಕೆ ಸೇರಿದರೆ ಇನ್ನೊಬ್ಬರು ವಿಚ್ಛೇದನ ಕೇಳಬಹುದು. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಗೆ 2001ರಲ್ಲಿ ತಂದ ತಿದ್ದುಪಡಿಯಲ್ಲಿಯೂ ಸಂಗಾತಿ ಕ್ರೈಸ್ತ ಧರ್ಮ ತೊರೆಯುವುದು ವಿಚ್ಛೇದನಕ್ಕೆ ಒಂದು ಕಾರಣವಾಗಿದೆ. ಎರಡರಲ್ಲಿಯೂ ನ್ಯಾಯಾಲಯದ ಆದೇಶ ಬೇಕೇ ಬೇಕು. 2001ರ ತಿದ್ದುಪಡಿಯು ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಅವಕಾಶ ನೀಡಿತು. ಅದಕ್ಕೆ ಎರಡು ವರ್ಷ ಪ್ರತ್ಯೇಕ ವಾಸ ಅಗತ್ಯವೆಂದಿದ್ದುದನ್ನು ಕರ್ನಾಟಕ ಹೈಕೋರ್ಟ್ 2014ರಲ್ಲಿ ಒಂದು ವರ್ಷ ಎಂದು ಅರ್ಥೈಸಿತು.

ಬ್ರಿಟಿಷರ ಕಾಲದಲ್ಲಿಯೂ ಈ ಸಮಸ್ಯೆ ಸರ್ಕಾರದ ಗಮನಕ್ಕೆ ಬಂದಿತ್ತು. ಕ್ರೈಸ್ತರಾದ ಕಾರಣಕ್ಕೆ ಸಂಗಾತಿಯು ತೊರೆದವರಿಗಾಗಿ 1866ರಲ್ಲಿಯೇ ಮತಾಂತರಿತರ ವಿವಾಹ ವಿಸರ್ಜನಾ ಕಾಯ್ದೆಯನ್ನು ತರಲಾಗಿತ್ತು. ತೊರೆದವರನ್ನು ನ್ಯಾಯಾಲಯಕ್ಕೆ ಕರೆಸಿ ವಿಚಾರಿಸಿ, ಮತ್ತೆ ಯೋಚಿಸಲು ಒಂದು ವರ್ಷ ಕಾಲಾವಕಾಶ ನೀಡುವ ಕ್ರಮ ಅದರಲ್ಲಿತ್ತು.

ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿದವರು ಇನ್ನೊಂದು ಅಂಶ ಗಮನಿಸಬೇಕು. ಹಿಂದೂ ಹಾಗೂ ಕ್ರೈಸ್ತರ ನಡುವಿನ ಮದುವೆ ಆ ಕಾಯ್ದೆಯಡಿ ಸಿಂಧುವಲ್ಲ ಎಂದು ಸುಪ್ರೀಂ ಕೋರ್ಟ್ 2008ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದೆ. ಭಿನ್ನ ಧರ್ಮೀಯರು ಮತ ಬದಲಿಸದೆ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರಾದರೂ ಕ್ರೈಸ್ತರಾಗಿದ್ದರೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿಯೂ ಮದುವೆ ನಡೆಯಬಹುದು. 'ನಮ್ಮ ಮದುವೆ ಸಿಂಧುವೇ ಅಲ್ಲ' ಎಂಬ ವಾದವನ್ನು ಹಿಡಿದು ಹೆಣ್ಣನ್ನೂ ಮಕ್ಕಳನ್ನೂ ಬೀದಿಗೆ ಬಿಡಲು ಮಾತ್ರ ಧರ್ಮವೂ ಒಪ್ಪದು, ಕಾನೂನೂ ಒಪ್ಪದು. ತಂದೆ ತಾಯಿಯ ಮದುವೆ ಹೇಗೇ ಇರಲಿ, ಮಗುವಿಗೆ ಜೀವನಾಂಶದ ಹಕ್ಕು ಇದ್ದೇ ಇದೆ.

ಕ್ಷಮೆ ಎಂದರೆ ಮರಳಿ ಹೋಗುವುದಲ್ಲ

ಕ್ರೈಸ್ತ ಬೋಧನೆಯಲ್ಲಿ ಕ್ಷಮೆಗೆ ದೊಡ್ಡ ಸ್ಥಾನವಿದೆ. ಇದರಿಂದಾಗಿ ಹೊಡೆತ ತಿಂದ ಹೆಣ್ಣುಮಕ್ಕಳಿಗೆ 'ಕ್ಷಮಿಸಿ ಮರಳಿ ಹೋಗು' ಎಂದು ಹಿರಿಯರು ಒತ್ತಾಯಿಸುವ ಅಪಾಯವೂ ಇದೆ. ಮನಸ್ಸಿನಲ್ಲಿ ದ್ವೇಷ ಇಟ್ಟುಕೊಳ್ಳದಿರುವುದು ಕ್ಷಮೆ. ಮತ್ತೆ ಒಂದೇ ಮನೆಯಲ್ಲಿ ಬಾಳುವುದು ರಾಜಿ. ಮೊದಲನೆಯದಕ್ಕೆ ಒಬ್ಬರ ಮನಸ್ಸು ಸಾಕು, ಎರಡನೆಯದಕ್ಕೆ ಇಬ್ಬರ ಬದಲಾವಣೆ ಬೇಕು.

ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿದ್ದರೆ ಬೇರೆಯಾಗಲು ಕ್ಯಾನನ್ ಕಾನೂನಿನ 1153ನೆಯ ನಿಯಮವೇ ಅವಕಾಶ ಕೊಡುತ್ತದೆ. ತಡಮಾಡಿದರೆ ಅಪಾಯ ಎನ್ನುವಂತಿದ್ದರೆ ಅನುಮತಿಗಾಗಿ ಕಾಯಬೇಕಾಗಿಯೂ ಇಲ್ಲ. ದುರ್ಬಲರನ್ನೂ ಮಕ್ಕಳನ್ನೂ ಹಿಂಸೆಯಿಂದ ಕಾಪಾಡಲು ಕೆಲವೊಮ್ಮೆ ಬೇರೆಯಾಗುವುದು ನೈತಿಕವಾಗಿಯೂ ಅಗತ್ಯ ಎಂದು 2016ರ ಪ್ರಬೋಧನಾ ಪತ್ರ ಒಪ್ಪಿಕೊಂಡಿದೆ. ಹಿಂಸೆಯ ಇತಿಹಾಸವಿರುವೆಡೆ ಮಾಜಿ ಸಂಗಾತಿಯೊಂದಿಗೆ ನೇರ ಸಂಪರ್ಕ ಬೇಡ. ಅಗತ್ಯ ಮಾತುಗಳನ್ನು ವಕೀಲರ ಅಥವಾ ಇಬ್ಬರೂ ಒಪ್ಪುವ ಹಿರಿಯರೊಬ್ಬರ ಮೂಲಕ ನಡೆಸುವುದು ಕ್ಷೇಮ.

ಹಿಂಸೆ ಇಲ್ಲದ ಸಂದರ್ಭದಲ್ಲಿಯೂ ಮಿತಿ ಇರಬೇಕು. ಸಂತೆಯಲ್ಲಿ ಎದುರಾದರೆ ನಮಸ್ಕಾರ, ಕುಶಲ ಪ್ರಶ್ನೆ ಸಾಕು. ರಾತ್ರಿ ಹೊತ್ತಿನ ಕರೆ, ಹಳೆಯ ನೆನಪುಗಳ ಸಂದೇಶ, ಇನ್ನೊಬ್ಬರಲ್ಲಿ ಹುಸಿ ಆಸೆ ಹುಟ್ಟಿಸುವ ಸಲುಗೆ ಇವು ಯಾರಿಗೂ ಒಳಿತಲ್ಲ. ಇಬ್ಬರಲ್ಲಿ ಒಬ್ಬರು ಮರುಮದುವೆಯಾಗಿದ್ದರೆ ಹೊಸ ಸಂಗಾತಿಗೆ ತಿಳಿಯದ ಸಂಪರ್ಕವಂತೂ ಸಲ್ಲದು.

ನಾಲಿಗೆಯ ಮೇಲಿನ ಹಿಡಿತವೂ ಅಷ್ಟೇ ಮುಖ್ಯ. ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆ ಕೋರ್ಟಿಗೆ ಮಾತ್ರ ಸೀಮಿತವಲ್ಲ. ಮನೆಯ ಜಗುಲಿಗೂ ಪ್ರಾರ್ಥನಾ ಕೂಟಕ್ಕೂ ಅನ್ವಯಿಸುತ್ತದೆ. ಗಂಡ ಹೆಂಡಿರ ಜಗಳದ ಕಾರಣ ಕುಡಿತವೋ ಸಾಲವೋ ಸಂಶಯವೋ ಆಗಿದ್ದರೂ 'ಆ ಜಾತಿಯವರೇ ಹಾಗೆ, ಆ ಧರ್ಮದವರೇ ಹೀಗೆ' ಎಂದು ಹೇಳಿದರೆ ಒಂದು ಮನೆಯ ನೋವು ಊರಿನ ವೈಮನಸ್ಯವಾಗುತ್ತದೆ. ಸಣ್ಣ ಪಟ್ಟಣಗಳಲ್ಲಿ ಇದರ ಪರಿಣಾಮ ಗಂಭೀರ. ವೈಯಕ್ತಿಕ ವಿಷಯವನ್ನು ಯಾವುದೇ ಧರ್ಮದ ಸಂಘಟನೆಯ ಕೈಗೆ ಕೊಟ್ಟರೆ ಅದನ್ನು ಮರಳಿ ಮನೆಯೊಳಗೆ ತರುವುದು ಕಷ್ಟ.

ಒಡವೆ, ಹಣ, ಜೀವನಾಂಶ

ಸಮಾಧಾನದ ಮಾತಿಗೆ ನ್ಯಾಯದ ಲೆಕ್ಕ ಜೊತೆಗಿರಬೇಕು. ಮದುವೆಯಲ್ಲಿ ಹೆಣ್ಣಿಗೆ ಬಂದ ಒಡವೆ, ತವರಿನವರು ಕೊಟ್ಟ ಪಾತ್ರೆ ಪಗಡೆ, ಅವಳ ದುಡಿಮೆಯ ಹಣ ಇವು ಅವಳವು. ಶಿಲುಬೆಯ ಗುರುತಿನ ತಾಳಿಯಾಗಲಿ, ಹಿಂದೂ ಪದ್ಧತಿಯ ತಾಳಿಯಾಗಲಿ, 'ನಮ್ಮ ಧರ್ಮದ್ದು' ಎಂಬ ನೆಪದಲ್ಲಿ ಕಿತ್ತುಕೊಳ್ಳುವುದು ತಪ್ಪು.

ಮದುವೆ ಶೂನ್ಯವೆಂದು ಘೋಷಿಸುವ ಚರ್ಚಿನ ತೀರ್ಪಿನಲ್ಲಿಯೇ ಇಬ್ಬರೂ ಪರಸ್ಪರರ ಮತ್ತು ಮಕ್ಕಳ ಬಗೆಗಿನ ನೈತಿಕ ಹಾಗೂ ನಾಗರಿಕ ಹೊಣೆಯನ್ನು ಮರೆಯದಂತೆ ಎಚ್ಚರಿಸಬೇಕೆಂದು ಕ್ಯಾನನ್ ಕಾನೂನು ಹೇಳುತ್ತದೆ (ನಿಯಮ 1691). ಮದುವೆ ಆಗಿಯೇ ಇರಲಿಲ್ಲ ಎಂದು ಹೇಳುವ ಅದೇ ಕಾಗದವು ಹೊಣೆ ಇದೆ ಎಂದು ನೆನಪಿಸುತ್ತದೆ ಎಂಬುದನ್ನು ಬಹುಪಾಲು ಜನ ಅರಿಯರು. ಅಂಥ ಮದುವೆಯ ಮಕ್ಕಳನ್ನು ಅಕ್ರಮ ಸಂತಾನವೆಂದು ಕರೆಯುವುದೂ ತಪ್ಪು. ಒಬ್ಬರಾದರೂ ಸದ್ಭಾವನೆಯಿಂದ ಮದುವೆಯಾಗಿದ್ದರೆ ಮಕ್ಕಳು ಸಕ್ರಮ ಎಂಬುದು 1137ನೆಯ ನಿಯಮ.

ಜೀವನಾಂಶಕ್ಕಾಗಿ ಹಿಂದೆ ಸಿಆರ್‌ಪಿಸಿ 125ನೆಯ ಕಲಮಿನಡಿ ಅರ್ಜಿ ಸಲ್ಲಿಸಲಾಗುತ್ತಿತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು ಬಂದಿದೆ. ಇದಕ್ಕೆ ಧರ್ಮಭೇದವಿಲ್ಲ. ವಿಚ್ಛೇದನ ಪಡೆದು ಮರುಮದುವೆಯಾಗದ ಪತ್ನಿಯೂ ತನ್ನನ್ನು ಪೋಷಿಸಿಕೊಳ್ಳಲಾಗದಿದ್ದರೆ ಕೇಳಬಹುದು.

ಈ ತಾಲ್ಲೂಕುಗಳ ಬಹಳಷ್ಟು ಕುಟುಂಬಗಳ ಆದಾಯ ತಂಬಾಕು, ಭತ್ತ, ಮುಸುಕಿನ ಜೋಳದ ಫಸಲಿಗೆ ಕಟ್ಟುಬಿದ್ದಿದೆ. 'ಹರಾಜಿನ ದುಡ್ಡು ಬರಲಿ, ಕೊಡುತ್ತೇನೆ' ಎಂಬ ಮಾತು ನಿಜವೂ ಇರಬಹುದು, ನೆಪವೂ ಇರಬಹುದು. ಮಗುವಿನ ಶಾಲೆಯ ಶುಲ್ಕ ಜೂನ್‌ನಲ್ಲಿಯೇ ಕಟ್ಟಬೇಕು. ಹೊಗೆಸೊಪ್ಪು ಮಾರಾಟವಾಗುವುದು ಅದಾಗಿ ತಿಂಗಳುಗಳ ಮೇಲೆ. ಆದ್ದರಿಂದ ತಿಂಗಳಿಗಿಷ್ಟು, ಫಸಲಿನ ಕಾಲಕ್ಕೆ ಇಷ್ಟು ಎಂದು ಬರವಣಿಗೆಯಲ್ಲಿ ಒಪ್ಪಿಕೊಂಡು ಬ್ಯಾಂಕ್ ಖಾತೆಗೆ ಹಾಕುವುದು ಲೇಸು. ಇದರಿಂದ ಹಣಕ್ಕಾಗಿ ಪ್ರತಿ ಬಾರಿ ಎದುರು ನಿಂತು ಜಗಳವಾಡುವುದೂ ತಪ್ಪುತ್ತದೆ.

ಮಕ್ಕಳಿಗೆ ಎರಡು ಮನೆ, ಎರಡು ಹಬ್ಬ

ಅತ್ಯಂತ ಸೂಕ್ಷ್ಮವಾದುದು ಮಕ್ಕಳ ವಿಷಯ. ಮಿಶ್ರವಿವಾಹದ ಅನುಮತಿ ಪಡೆಯುವಾಗ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಿ ಕಥೋಲಿಕರನ್ನಾಗಿ ಬೆಳೆಸಲು ಕೈಲಾದುದನ್ನೆಲ್ಲ ಮಾಡುವುದಾಗಿ ಕಥೋಲಿಕ ಸಂಗಾತಿಯು ಮಾತು ಕೊಟ್ಟಿರುತ್ತಾರೆ (ನಿಯಮ 1125). ಆ ವಾಗ್ದಾನ ಇನ್ನೊಬ್ಬರಿಗೆ ತಿಳಿಸತಕ್ಕದ್ದು; ಆದರೆ ಅವರಿಂದ ವಾಗ್ದಾನ ಪಡೆಯುವುದಿಲ್ಲ. 'ಕೈಲಾದುದು' ಎಂಬ ಪದಕ್ಕೆ ಇಲ್ಲಿ ತೂಕವಿದೆ. ಇನ್ನೊಬ್ಬ ಪೋಷಕರ ಕಣ್ಣು ತಪ್ಪಿಸಿ ಮಗುವಿಗೆ ದೀಕ್ಷೆ ಕೊಡಿಸುವುದಾಗಲಿ, ಅದೇ ರೀತಿ ಅತ್ತ ಕಡೆಯವರು ಗುಟ್ಟಾಗಿ ಬೇರೆ ಸಂಸ್ಕಾರ ಮಾಡಿಸುವುದಾಗಲಿ ಮಗುವಿನ ಮುಂದೆ ಎರಡು ಧರ್ಮಗಳನ್ನು ಎದುರಾಳಿಗಳನ್ನಾಗಿ ನಿಲ್ಲಿಸಿದಂತೆ.

ಮಗು ಯಾರ ಬಳಿ ಇರಬೇಕೆಂಬುದನ್ನು ನಿರ್ಧರಿಸುವಾಗ ನ್ಯಾಯಾಲಯಗಳು ಮಗುವಿನ ಹಿತವನ್ನೇ ಪ್ರಧಾನವಾಗಿ ಪರಿಗಣಿಸುತ್ತವೆ. 1890ರ ಪಾಲಕ ಮತ್ತು ಪಾಲ್ಯ ಕಾಯ್ದೆಯಲ್ಲಿ ಧರ್ಮವೂ ಪರಿಗಣಿಸುವ ಅಂಶಗಳಲ್ಲಿ ಒಂದು, ಅದೊಂದೇ ನಿರ್ಣಾಯಕವಲ್ಲ. 2016ರ ಪ್ರಬೋಧನಾ ಪತ್ರವು ಬೇರೆಯಾದ ತಂದೆ ತಾಯಿಗಳಿಗೆ ಮಗುವನ್ನು ಒತ್ತೆಯಾಳಾಗಿ ಬಳಸಿಕೊಳ್ಳಬಾರದೆಂದು ಕಟುವಾಗಿಯೇ ತಿಳಿಸಿದೆ. ಮಗುವಿನ ಎದುರು ಇನ್ನೊಬ್ಬರನ್ನು ಹೀಯಾಳಿಸುವುದನ್ನೂ ಅದು ಒಪ್ಪುವುದಿಲ್ಲ.

ದಿನನಿತ್ಯದ ಬದುಕಿನಲ್ಲಿ ಕೆಲವು ಸೂತ್ರಗಳು ಉಪಯುಕ್ತ. ಕ್ರಿಸ್‌ಮಸ್ ಮತ್ತು ಈಸ್ಟರ್ ಒಂದು ಮನೆಯಲ್ಲಿ; ಯುಗಾದಿ, ಗೌರಿ ಗಣೇಶ, ದಸರಾ ಅಥವಾ ರಂಜಾನ್ ಇನ್ನೊಂದು ಮನೆಯಲ್ಲಿ ಎಂದು ವರ್ಷದ ಆರಂಭದಲ್ಲಿಯೇ ಗೊತ್ತುಪಡಿಸಿಕೊಂಡರೆ ಹಬ್ಬದ ಹಿಂದಿನ ದಿನದ ಎಳೆದಾಟ ತಪ್ಪುತ್ತದೆ. ಅಜ್ಜಿ ಹಣೆಗೆ ಕುಂಕುಮ ಇಟ್ಟು ಕಳುಹಿಸಿದರೆ ಬಾಗಿಲಲ್ಲಿಯೇ ಗದರಿ ಒರೆಸುವುದು, ಕೊರಳಿನ ಜಪಸರವನ್ನು ಇನ್ನೊಂದು ಮನೆಯಲ್ಲಿ ಕಿತ್ತು ಬಿಸಾಡುವುದು ಮಗುವಿಗೆ ದೇವರ ಬಗ್ಗೆ ಏನನ್ನೂ ಕಲಿಸುವುದಿಲ್ಲ. ಭಯವನ್ನು ಮಾತ್ರ ಕಲಿಸುತ್ತದೆ.

ಪ್ರಸಾದ ತಿನ್ನಬಹುದೇ ಎಂಬ ಪ್ರಶ್ನೆಯೂ ಏಳುತ್ತದೆ. ವಿಗ್ರಹಕ್ಕೆ ಅರ್ಪಿಸಿದ ಆಹಾರದ ವಿಚಾರವನ್ನು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8 ಮತ್ತು 10ನೆಯ ಅಧ್ಯಾಯಗಳಲ್ಲಿ ಚರ್ಚಿಸಿದ್ದಾನೆ. ಸಭೆಗಳು ಇದನ್ನು ಬೇರೆ ಬೇರೆಯಾಗಿ ಅರ್ಥೈಸುತ್ತವೆ, ಅನೇಕರು ಸ್ವೀಕರಿಸುವುದಿಲ್ಲ. ಸ್ವೀಕರಿಸದವರು ಕೈಮುಗಿದು ವಿನಯದಿಂದ ನಿರಾಕರಿಸಬಹುದು. ತಿಳಿಯದ ಮಗು ತಿಂದು ಬಂದದ್ದಕ್ಕೆ ಶಿಕ್ಷಿಸುವುದು ಯಾವ ಬೋಧನೆಗೂ ಹೊಂದದು.

ಮತಾಂತರದ ಆಸೆ ಎಂಬ ಗಾಳ

'ಆತ ಕ್ರೈಸ್ತನಾದರೆ ಮತ್ತೆ ಒಂದಾಗುತ್ತೇನೆ', 'ಆಕೆ ನಮ್ಮ ಧರ್ಮಕ್ಕೆ ಬಂದರೆ ಮನೆಗೆ ಸೇರಿಸುತ್ತೇವೆ' ಎಂಬ ಷರತ್ತುಗಳು ಎರಡೂ ಕಡೆಯಿಂದ ಬರುವುದುಂಟು. ನಂಬಿಕೆಯನ್ನು ಬಲಾತ್ಕಾರದಿಂದ ಹೇರಬಾರದು ಎಂಬುದನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯ 1965ರ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ ಸ್ಪಷ್ಟಪಡಿಸಿದೆ. ಅದೇ ವರ್ಷದ ಇನ್ನೊಂದು ಘೋಷಣೆಯು ಅನ್ಯಧರ್ಮಗಳಲ್ಲಿರುವ ಸತ್ಯ ಹಾಗೂ ಪಾವಿತ್ರ್ಯವನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ತಿಳಿಸಿದೆ.

ಮಾಜಿ ಸಂಗಾತಿಗಾಗಿ ಪ್ರಾರ್ಥಿಸಲು ಯಾರ ಅನುಮತಿಯೂ ಬೇಡ. ಆದರೆ ಅವರ ಮನೆಗೆ ಪಾಸ್ಟರ್‌ಗಳನ್ನು ಕಳುಹಿಸುವುದು, ಮಕ್ಕಳ ಕೈಯಲ್ಲಿ ಕರಪತ್ರ ಕೊಟ್ಟು ಕಳುಹಿಸುವುದು, ಜೀವನಾಂಶದ ಮಾತಿನ ನಡುವೆ ಧರ್ಮದ ಷರತ್ತು ತೂರಿಸುವುದು ಪ್ರಾರ್ಥನೆಯಲ್ಲ, ಒತ್ತಡ. ಸಂಗಾತಿಯನ್ನು ರಕ್ಷಿಸಬಲ್ಲೆನೆಂಬ ಖಾತರಿ ಯಾರಿಗೂ ಇಲ್ಲ ಎಂದು ಪೌಲನೇ ಅದೇ ಏಳನೆಯ ಅಧ್ಯಾಯದಲ್ಲಿ ಪ್ರಶ್ನೆಯ ರೂಪದಲ್ಲಿ ಸೂಚಿಸುತ್ತಾನೆ ಎಂದು ಹಲವು ವ್ಯಾಖ್ಯಾನಕಾರರು ಅಭಿಪ್ರಾಯಪಡುತ್ತಾರೆ.

ಮದುವೆಯವರೆಗೆ ಬಾರದ ಪ್ರೀತಿ

ಎಲ್ಲ ಸಂಬಂಧಗಳೂ ಮದುವೆಯಾಗುವುದಿಲ್ಲ. ಧರ್ಮ ಬೇರೆ ಎಂಬ ಕಾರಣಕ್ಕೆ ಮನೆಯವರ ವಿರೋಧದಿಂದ ಮುರಿದ ಪ್ರೀತಿಯಲ್ಲಿ ಚರ್ಚಿನ ಯಾವ ನ್ಯಾಯಮಂಡಳಿಗೂ ಕೆಲಸವಿಲ್ಲ. ಆತ್ಮಸಾಕ್ಷಿಗೆ ಮಾತ್ರ ಕೆಲಸ. ಕೊಟ್ಟ ಮಾತನ್ನು ಮುರಿದವರು ಅದನ್ನು ಒಪ್ಪಿಕೊಂಡು ಕ್ಷಮೆ ಕೇಳಬೇಕು. ಪಡೆದ ಹಣ ಹಿಂತಿರುಗಿಸಬೇಕು. ಮೊಬೈಲಿನಲ್ಲಿ ಉಳಿದ ಖಾಸಗಿ ಚಿತ್ರಗಳನ್ನು ಅಳಿಸಿಹಾಕಬೇಕು; ಅವುಗಳನ್ನು ತೋರಿಸಿ ಬೆದರಿಸುವುದು ಪಾಪವಷ್ಟೇ ಅಲ್ಲ, ಶಿಕ್ಷಾರ್ಹ ಅಪರಾಧ. ಆ ಹುಡುಗಿಯ ಅಥವಾ ಹುಡುಗನ ಮದುವೆ ಬೇರೆಡೆ ಗೊತ್ತಾದಾಗ ಹಳೆಯ ಸಂಬಂಧವನ್ನು ಬಯಲು ಮಾಡಿ ಕೆಡಿಸದಿರುವುದು ಕನಿಷ್ಠ ಸೌಜನ್ಯ.

ಸಾವಿನ ಮನೆಯಲ್ಲಿ

ಮಾಜಿ ಸಂಗಾತಿಯೋ ಅವರ ತಂದೆ ತಾಯಿಯೋ ತೀರಿಕೊಂಡಾಗ ಹೋಗಬೇಕೇ ಬೇಡವೇ ಎಂಬ ಗೊಂದಲ ಸಾಮಾನ್ಯ. ಅಂತಿಮ ದರ್ಶನಕ್ಕೆ ಹೋಗಿ ಗೌರವ ಸಲ್ಲಿಸಲು ಸಾಮಾನ್ಯವಾಗಿ ಕ್ರೈಸ್ತ ಬೋಧನೆಯಲ್ಲಿ ಅಡ್ಡಿಯಿಲ್ಲ. ಪೂಜಾವಿಧಿಗಳಲ್ಲಿ ಪಾಲ್ಗೊಳ್ಳದೆ ಮೌನವಾಗಿ ನಿಂತು ಬರಬಹುದು. ಮಕ್ಕಳನ್ನಂತೂ ತಡೆಯಬಾರದು, ತಂದೆ ಅಥವಾ ತಾಯಿಗೆ ಕೊನೆಯ ನಮನ ಸಲ್ಲಿಸುವುದು ಅವರ ಹಕ್ಕು. ಅಬ್ರಹಾಮನು ತೀರಿಕೊಂಡಾಗ ಮನೆಯಲ್ಲಿ ಬೆಳೆದ ಇಸಾಕನೂ ಮನೆಯಿಂದ ಹೊರಹಾಕಲ್ಪಟ್ಟಿದ್ದ ಇಷ್ಮಾಯೇಲನೂ ಒಟ್ಟಾಗಿ ಅವನನ್ನು ಸಮಾಧಿ ಮಾಡಿದರೆಂದು ಆದಿಕಾಂಡದ 25ನೆಯ ಅಧ್ಯಾಯ ದಾಖಲಿಸುತ್ತದೆ. ಹೋಗುವುದರಿಂದ ಜಗಳವಾಗುವ ಸಂಭವವಿದ್ದರೆ ಮನೆಯಲ್ಲಿಯೇ ಪ್ರಾರ್ಥಿಸುವುದು ವಿವೇಕ.

ಎಲ್ಲಿ ಸಂಪರ್ಕಿಸಬೇಕು?

* ಕಥೋಲಿಕರು ಮೊದಲು ತಮ್ಮ ಧರ್ಮಕೇಂದ್ರದ ಗುರುಗಳನ್ನು ಕಾಣಬೇಕು. ಅವರು ಮೈಸೂರಿನಲ್ಲಿರುವ ಧರ್ಮಪ್ರಾಂತ್ಯದ ಕಚೇರಿಗೆ ದಾರಿ ತೋರುತ್ತಾರೆ. ದೀಕ್ಷಾಸ್ನಾನ ಪತ್ರ, ಮದುವೆಯ ದಾಖಲೆ ಹಾಗೂ ನ್ಯಾಯಾಲಯದ ಆದೇಶಗಳ ಪ್ರತಿ ಜೊತೆಗಿರಲಿ.

* ಸಿಎಸ್‌ಐ ಸದಸ್ಯರು ತಮ್ಮ ಸಭಾಪಾಲಕರನ್ನು ಸಂಪರ್ಕಿಸಬಹುದು.

* ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು. ಸಹಾಯವಾಣಿ 15100.

* ಹಿಂಸೆ ಎದುರಿಸುತ್ತಿರುವ ಮಹಿಳೆಯರು 181ಕ್ಕೆ, ಮಕ್ಕಳ ವಿಷಯದಲ್ಲಿ 1098ಕ್ಕೆ, ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಮದುವೆಯ ಸ್ವರೂಪದಲ್ಲಿ ಕೂಡಿ ಬಾಳಿದವರಿಗೂ ರಕ್ಷಣೆ ಇದೆ.

ಧರ್ಮಗುರುಗಳ ಸಲಹೆ ಮನಸ್ಸಿಗೆ, ವಕೀಲರ ಸಲಹೆ ಕಾಗದಕ್ಕೆ. ಎರಡನ್ನೂ ಪಡೆದವರಿಗೆ ಗೊಂದಲ ಕಡಿಮೆ. ಮುಂದಿನ ಸಂತೆಯ ದಿನ ಅದೇ ಬೀದಿಯಲ್ಲಿ ಅದೇ ಮುಖ ಎದುರಾಗುತ್ತದೆ. ಕೈಹಿಡಿದ ಮಗು ಇಬ್ಬರನ್ನೂ ನೋಡುತ್ತಿರುತ್ತದೆ. ಆಗ ತಲೆ ತಗ್ಗಿಸದೆ, ಹಲ್ಲು ಕಡಿಯದೆ ಒಂದು ನಮಸ್ಕಾರ ಹೇಳಿ ಮುಂದೆ ಸಾಗಲು ಸಾಧ್ಯವಾದರೆ ಮಾರ್ಗದರ್ಶನದ ಉದ್ದೇಶ ಈಡೇರಿದಂತೆ.